ಕಚೇರಿ ಹಿಂದೆ ಇದ್ದ ಬೀದಿ

ನನ್ನ ಮೈದುನ ಮಹಾನಗರವನ್ನು ಕಂಡದ್ದು ಒಟ್ಟು ಒಂದೂವರೆ ದಿನ. ಇಪ್ಪತ್ತೆರಡು ವರ್ಷದ ಕೆಳಗೆ ರಬ್ಬರ್ ಹಾಳೆ ಕೊಳ್ಳಲು ಹೋಗಿದ್ದ. ಅದರಲ್ಲಿ ಅರ್ಧ ದಿನ ಜ್ವರ ಬಂದು ಮಲಗಿದ್ದ. ಉಳಿದ ಒಂದು ದಿನದ ಅನುಭವವನ್ನೇ ಅಂದಿನಿಂದ ಹಿಗ್ಗಿಸಿ ಹಿಗ್ಗಿಸಿ ನಮಗೆಲ್ಲ ಹೇಳುತ್ತಿದ್ದ. ರಬ್ಬರಿನ ಗುಣವೇ ಅದು, ಎಳೆದಷ್ಟೂ ಬರುತ್ತದೆ.

ಅವನ ಕಸುಬು ಮೊಹರು ಮಾಡುವುದು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಮೇಜು, ಮೇಜಿನ ಮೇಲೆ ಭೂತಗನ್ನಡಿ, ಬೆರಳುದ್ದದ ಉಳಿಗಳು, ಕಿವಿ ಮುರಿದ ಕಪ್ಪಿನಲ್ಲಿ ನೇರಳೆ ಶಾಯಿ. ನಮ್ಮ ಊರಿನ ಹದಿಮೂರು ಕಚೇರಿಗಳ ಮೊಹರು ಕೆತ್ತಿದವನು ಅವನೇ. ಕೆತ್ತಿ ಕೆತ್ತಿ ಆ ಭಾಷೆ ನಾಲಿಗೆಗೂ ಅಂಟಿಕೊಂಡಿತ್ತು. ಊಟ ಬಡಿಸಿದರೆ "ಸ್ವೀಕರಿಸಲಾಗಿದೆ" ಅನ್ನುತ್ತಿದ್ದ. ಉಪ್ಪು ಹೆಚ್ಚಾಗಿದ್ದರೆ "ಮರುಪರಿಶೀಲನೆಗೆ" ಎಂದು ತಟ್ಟೆಯನ್ನು ನನ್ನ ಕಡೆ ಸರಿಸುತ್ತಿದ್ದ. ಬೀದಿಯವರು ಅವನನ್ನು ಮೊಹರಣ್ಣ ಎಂದೇ ಕರೆಯುತ್ತಿದ್ದರು. ಅದನ್ನು ಅವನು ಬಿರುದು ಎಂದುಕೊಂಡಿದ್ದ.

ಅವನ ಹೆಂಡತಿ, ಎಂದರೆ ನನ್ನ ಓರಗಿತ್ತಿ, ಸರ್ಕಾರಿ ಹೊಲಿಗೆ ಶಾಲೆಯಲ್ಲಿ ಕಲಿಸುತ್ತಿದ್ದಳು. ಹನ್ನೊಂದು ವರ್ಷವಾದರೂ ಅವಳ ಕೆಲಸ ತಾತ್ಕಾಲಿಕವೇ. ವರ್ಷಕ್ಕೊಮ್ಮೆ ಅವಳನ್ನು ಕೆಲಸದಿಂದ ತೆಗೆದು, ಮಾರನೆಯ ಬೆಳಿಗ್ಗೆ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ನಡುವೆ ಒಂದು ದಿನ ಕಡಿದರೆ ಖಾಯಂ ಮಾಡುವ ಗೋಜು ಇರುವುದಿಲ್ಲವಂತೆ. ಆ ಒಂದು ದಿನ ಅವಳು ಮನೆಯಲ್ಲಿ ಕೂತು ನಮ್ಮೆಲ್ಲರ ಹರಿದ ಬಟ್ಟೆ ಹೊಲಿಯುತ್ತಿದ್ದಳು. ಮಾತು ಕಡಿಮೆ. ಬಾಯಲ್ಲಿ ಸದಾ ಸೂಜಿ ಕಚ್ಚಿಕೊಂಡಿರುವವಳು ಎಷ್ಟು ಮಾತಾಡಿಯಾಳು?

ಹೀಗಿರುವಾಗ ಮಹಾನಗರದ ಮುಖ್ಯ ಕಚೇರಿಯಿಂದ ಅವಳಿಗೆ ಕಾಗದ ಬಂತು. ಮುಂದಿನ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಮೂಲ ದಾಖಲೆಗಳೊಂದಿಗೆ ಖುದ್ದು ಹಾಜರಾಗಬೇಕು, ಜೊತೆಗೆ ತನ್ನನ್ನು ಗುರುತಿಸುವವರೊಬ್ಬರನ್ನು ಕರೆತರಬೇಕು, ಎಲ್ಲ ಸರಿಯಿದ್ದರೆ ಖಾಯಂ ಆದೇಶ, ಹೊತ್ತಿಗೆ ಸರಿಯಾಗಿ ಬಾರದವರ ಜಾಗ ಪಟ್ಟಿಯಲ್ಲಿ ಮುಂದಿರುವವರಿಗೆ. ಮೇಲೆ ವಿಳಾಸವೆಂದು ಇದ್ದದ್ದು "ಮುಖ್ಯ ಕಚೇರಿ, ಮಹಾನಗರ" ಎಂಬ ಮೂರೇ ಪದ. ದೊಡ್ಡ ಕಚೇರಿಗಳು ತಾವೆಲ್ಲಿದ್ದೇವೆ ಎಂದು ಹೇಳುವುದಿಲ್ಲ. ಗೊತ್ತಿಲ್ಲದವನದೇ ತಪ್ಪು.

"ಹತ್ತು ಗಂಟೆಗೆ ಆ ಬಾಗಿಲಲ್ಲಿ ನಿಂತಿರ್ಬೇಕು," ಎಂದಳು ಓರಗಿತ್ತಿ. "ನನಗೆ ಬೇರೇನೂ ಬೇಡ."

"ಅದಕ್ಕೇ ಹಿಂದಿನ ದಿನವೇ ಹೋಗಿ ಇಳ್ಕೊಳ್ಳೋಣ," ಎಂದ ಮೈದುನ. "ಆದರೆ ಎಲ್ಲಿ ಇಳ್ಕೊಳ್ಳೋದು? ಮಹಾನಗರ ಅಂದ್ರೆ ಒಂದು ಊರಲ್ಲ ಕಣೇ, ನಲವತ್ತು ಊರು. ತಪ್ಪು ಬಡಾವಣೇಲಿ ಇಳ್ಕೊಂಡ್ರೆ ಅಲ್ಲಿ ಬೆಳಗಾಗೋದೂ ತಡ. ನೀನು ದಾಖಲೆ ಜೋಡಿಸ್ಕೋ. ಬಡಾವಣೆ ನನಗೆ ಬಿಡು."

ಬಡಾವಣೆಯನ್ನು ಅವನಿಗೆ ಬಿಟ್ಟ ಸುದ್ದಿ ಅರ್ಧ ಗಂಟೆಯಲ್ಲಿ ಬೀದಿಗೆಲ್ಲ ಹಬ್ಬಿತು. ಎದುರು ಮನೆಯ ಕ್ಷೌರದಂಗಡಿಯವನು ಕತ್ತಿ ಹಿಡಿದುಕೊಂಡೇ ಬಂದ. ಅವನ ಹಿಂದೆಯೇ ಅರ್ಧ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡಿದ್ದ ಗಿರಾಕಿಯೂ ಬಂದ. ಪಕ್ಕದ ಮನೆಯ ನಿವೃತ್ತ ಅಂಚೆಯಜ್ಜ ಬಂದ. ಸಂಜೆಯ ಹೊತ್ತಿಗೆ ಹೊಲಿಗೆ ಶಾಲೆಯ ಮುಖ್ಯಸ್ಥೆ ದೊಡ್ಡಮ್ಮನವರೂ ಬಂದು, ಇದ್ದ ಒಂದೇ ಒಳ್ಳೆಯ ಕುರ್ಚಿಯಲ್ಲಿ ಕೂತರು.

"ಮಾರ್ಕೆಟ್ ಬೀದೀಲಿ ಇಳ್ಕೊಳಿ ಮೊಹರಣ್ಣ," ಎಂದ ಕ್ಷೌರದವನು. "ಬಾಗಿಲು ತೆಗೆದ್ರೆ ಸಾಕು, ಎಲ್ಲಾ ಸಿಗತ್ತೆ."

"ಬಾಗಿಲು ಹಾಕಿದ್ರೂ ಎಲ್ಲಾ ಒಳಗೆ ಬರತ್ತೆ," ಎಂದ ಅಂಚೆಯಜ್ಜ. "ಸೊಳ್ಳೆ, ಸದ್ದು, ಕಳ್ಳರು. ಸ್ಟೇಷನ್ ಹತ್ತಿರ ಇಳ್ಕೊಳ್ಳಯ್ಯ. ರೈಲು ಇಳಿದ, ಮಲಗಿದ, ಎದ್ದ, ರೈಲು ಹತ್ತಿದ."

"ಇವರು ಹೋಗೋದು ಬಸ್ಸಲ್ಲಿ ಅಜ್ಜ," ಎಂದೆ ನಾನು.

"ಬಸ್ಸಲ್ಲಿ ಹೋದವರು ಸ್ಟೇಷನ್ ಹತ್ತಿರ ಮಲಗಬಾರದು ಅಂತ ಕಾನೂನು ಇದೆಯೇನಮ್ಮ?"

ದೊಡ್ಡಮ್ಮನವರು ಗಂಟಲು ಸರಿ ಮಾಡಿಕೊಂಡರು. "ಉದ್ಯಾನದ ಬಡಾವಣೆ. ಮರ್ಯಾದಸ್ಥರು ಇರೋ ಜಾಗ. ನನ್ನ ತಂಗಿಯ ನಾದಿನಿ ಅಲ್ಲೇ ಇರೋದು. ಅಲ್ಲಿ ನಾಯಿ ಕೂಡ ನೀವು ಯಾರು, ಏನು ಅಂತ ವಿಚಾರಿಸಿಕೊಂಡೇ ಬೊಗಳೋದು."

"ತಿರಸ್ಕರಿಸಲಾಗಿದೆ," ಎಂದ ಮೈದುನ, ಮೂರಕ್ಕೂ ಸೇರಿಸಿ ಒಂದೇ ಸಲ.

ಅವನು ಗೋಡೆಯ ಕ್ಯಾಲೆಂಡರಿನಿಂದ ಮುಗಿದ ತಿಂಗಳೊಂದನ್ನು ಹರಿದು, ಬೆನ್ನಿಗೆ ನೇರಳೆ ಶಾಯಿಯಲ್ಲಿ ಮಹಾನಗರದ ನಕ್ಷೆ ಬರೆದ. ನದಿ ಎಡಕ್ಕೆ ಬಂತು. ಅಜ್ಜ ಅದು ಬಲಕ್ಕೆ ಎಂದ. ನೊರೆಯ ಗಿರಾಕಿ ತಾನು ಹೋದಾಗ ನದಿಯೇ ಇರಲಿಲ್ಲ ಎಂದ. ಮೈದುನ ಎರಡೂ ಕಡೆ ನದಿ ಬರೆದು ಜಗಳ ಬಗೆಹರಿಸಿದ. ಮಾರ್ಕೆಟ್ಟು, ಸ್ಟೇಷನ್ನು, ಉದ್ಯಾನ, ಅವನು ಜ್ವರ ಬಂದು ಮಲಗಿದ್ದ ಮನೆ, ಎಲ್ಲವೂ ಹಾಳೆಯ ಮೇಲೆ ತಮ್ಮ ತಮ್ಮ ಜಾಗ ಹಿಡಿದವು. ನೊರೆ ಒಣಗಿ ಗಿರಾಕಿಯ ಕೆನ್ನೆ ಬಿರಿಯತೊಡಗಿತು. ಒಳಗಿನಿಂದ ಓರಗಿತ್ತಿ ಬಂದು ನಕ್ಷೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಇದ್ರಲ್ಲಿ ಕಚೇರಿ ಎಲ್ಲಿದೆ ರೀ?"

ಕ್ಷೌರದವನಿಗೆ ಅಂಗಡಿ ಬಾಗಿಲು ತೆರೆದಿಟ್ಟು ಬಂದದ್ದು ಆಗ ನೆನಪಾಯಿತು.

ಕೊನೆಗೆ ಓರಗಿತ್ತಿ ಮಹಾನಗರದಲ್ಲಿ ಅಚ್ಚುಕೂಟದಲ್ಲಿ ಕೆಲಸಕ್ಕಿದ್ದ ತನ್ನ ತಮ್ಮನಿಗೆ ಒಂದು ಕಾಗದ ಹಾಕಿದಳು. ಜೇಬಿನಲ್ಲಿ ಫೋನು ಇಟ್ಟುಕೊಳ್ಳುವ ಕಾಲ ಆಗಿನ್ನೂ ಬಂದಿರಲಿಲ್ಲ. ಶನಿವಾರ ಅವನ ಕಾರ್ಡು ಬಂತು. ಮೈದುನ ಅದನ್ನು ಎಲ್ಲರ ಮುಂದೆ ಆದೇಶ ಓದುವ ಹಾಗೆ ಓದಿದ:

"ಅಕ್ಕನಿಗೆ, ಭಾವನಿಗೆ ನಮಸ್ಕಾರ. ಆ ವಾರ ನಾನು ಊರಲ್ಲಿ ಇರುವುದಿಲ್ಲ. ಕಚೇರಿ ಹಿಂದೆ ಇದ್ದ ಬೀದಿಯಲ್ಲೇ ಇಳಿದುಕೊಳ್ಳಿ. ಒಳ್ಳೆಯ ವಸತಿಗೃಹವಿದೆ. ಬೆಳಿಗ್ಗೆ ಕಚೇರಿಗೆ ಹೋಗಲು ಅಷ್ಟು ಅನುಕೂಲ ಬೇರೆಲ್ಲೂ ಇಲ್ಲ. ಉಳಿದದ್ದು ಮುಂದೆ."

ಓದಿ ಕಾರ್ಡನ್ನು ತಿರುಗಿಸಿ ಮುಂದೆ ನೋಡಿದ. "ಮುಂದೆ ಬರೀ ನಮ್ಮ ವಿಳಾಸ ಇದೆ. ನಾವೆಲ್ಲಿದ್ದೀವಿ ಅಂತ ನಮಗೇ ಯಾಕೆ ಬರೆದಿದಾನೆ ನಿನ್ನ ತಮ್ಮ?"

"ಮುಂದೆ ಅಂದ್ರೆ ಇನ್ನೊಂದು ಕಾರ್ಡಲ್ಲಿ ಬರೀತಾನೆ ಅಂತ ರೀ."

"ಬರೀಲಿ ಬಿಡು, ಬರೀದೇ ಇದ್ರೆ ಬಿಡು. ವಿಷಯ ತಿಳೀತಲ್ಲ. ಕಚೇರಿ ಹಿಂದಿನ ಬೀದಿ. ನಾನೂ ಅದನ್ನೇ ಹೇಳೋನಿದ್ದೆ."

ನಾನು ಕಾರ್ಡು ಇಸಿದುಕೊಂಡೆ. ನಾನು ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ, ರಾತ್ರಿ ಶಾಲೆಯಲ್ಲಿ. ಈಗಲೂ ಪ್ರತಿ ಪದದ ಕೆಳಗೆ ಬೆರಳಿಟ್ಟು ಓದುತ್ತೇನೆ. ನಿಧಾನವಾಗುತ್ತದೆ, ಆದರೆ ಯಾವ ಪದವೂ ತಪ್ಪಿಸಿಕೊಂಡು ಹೋಗುವುದಿಲ್ಲ. "ಅಲ್ಲಪ್ಪಾ," ಎಂದೆ, "'ಹಿಂದೆ ಇದ್ದ' ಅಂತಿದೆ. 'ಹಿಂದೆ ಇರುವ' ಅಂತಿಲ್ಲ."

"ಅತ್ತಿಗೆ, ಬೀದಿ ಎದ್ದು ಎಲ್ಲಿಗೆ ಹೋಗತ್ತೆ? ಹೋದ ವರ್ಷ ಇದ್ದದ್ದು ಈ ವರ್ಷವೂ ಇರತ್ತೆ. ಆ ಮೇಷ್ಟ್ರು ನಿಮಗೆ ಭೂತಕಾಲ ಜಾಸ್ತಿ ಕಲಿಸಿಬಿಟ್ರು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಓರಗಿತ್ತಿ ನಗಲಿಲ್ಲ. ಆಮೇಲೆ ಅಡುಗೆ ಮನೆಗೆ ಬಂದು, "ಅಕ್ಕಾ, ನೀವೂ ಬನ್ನಿ. ಇವರೊಬ್ಬರ ಜೊತೆ ಹೋದ್ರೆ ಹತ್ತು ಗಂಟೆಗೆ ನಾನು ಇನ್ನ್ಯಾವುದೋ ಊರಲ್ಲಿರ್ತೀನಿ," ಎಂದಳು. ತಮ್ಮನ ಎರಡನೆಯ ಕಾರ್ಡು ಬಂತು, ಬರಲಿಲ್ಲವೆಂದಲ್ಲ. ಸೋಮವಾರ ಮಧ್ಯಾಹ್ನ ನಾವು ಹೊರಟು ಹೋದ ಮೇಲೆ ಬಂದು ಬಾಗಿಲ ಸಂದಿಯಲ್ಲಿ ಬಿದ್ದಿತ್ತು.

ಮಹಾನಗರದಲ್ಲಿ ಬಸ್ಸು ಇಳಿದಾಗ ಸಂಜೆ ಐದಾಗಿತ್ತು. ಇಳಿದ ಕೂಡಲೇ ಮೈದುನ ನಮ್ಮಿಬ್ಬರಿಗೂ ಕಟ್ಟಪ್ಪಣೆ ಮಾಡಿದ: ಯಾರನ್ನೂ ದಾರಿ ಕೇಳಕೂಡದು. ಕೇಳಿದರೆ ಹೊಸಬರೆಂದು ತಿಳಿಯುತ್ತದೆ, ತಿಳಿದರೆ ಸುತ್ತಿಸುತ್ತಾರೆ. ಒಬ್ಬ ಬಾಡಿಗೆ ಗಾಡಿಯವನನ್ನು ಕರೆದು, ಗಾಡಿಯವನಿಗೇ ತಾನು ದಾರಿ ಹೇಳಿಕೊಡುವ ಧಾಟಿಯಲ್ಲಿ ಹೇಳಿದ: "ಮುಖ್ಯ ಕಚೇರಿ ಹಿಂದೆ ಇದ್ದ ಬೀದಿ."

"ಹಿಂದೆ ಮುಖ್ಯ ಕಚೇರಿ ಇದ್ದ ಬೀದಿನಾ ಸಾರ್?"

"ಅದೇ ಕಣಯ್ಯ, ಮುಖ್ಯ ಕಚೇರಿ ಹಿಂದೆ ಇದ್ದ ಬೀದಿ."

"ಅದೇ ಸಾರ್, ಹಿಂದೆ ಇತ್ತಲ್ಲ."

"ಹಿಂದೇನೇ ಇರೋದು. ನಡಿ."

ಇಬ್ಬರು ಇಷ್ಟು ಒಮ್ಮತದಿಂದ ಬೇರೆ ಬೇರೆ ಮಾತಾಡಿದ್ದನ್ನು ನಾನು ಇನ್ನೆಲ್ಲೂ ಕೇಳಿಲ್ಲ.

ಬೀದಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಎರಡೂ ಕಡೆ ಒಂದೇ ಅಚ್ಚಿನ ಮನೆಗಳು, ಒಂದೇ ಬಣ್ಣದ ಕಿಟಕಿ, ಒಣಹಾಕಿದ ಅಂಗಿಗಳು ಕೂಡ ಒಂದೇ ತರಹದ ಬಿಳಿ. ವಸತಿಗೃಹದ ಒಡತಿ ಕೀಲಿ ಕೊಡುತ್ತ, "ಕಚೇರಿ ಕೆಲಸಕ್ಕೆ ಬಂದ್ರಾ? ಒಳ್ಳೇದಾಯ್ತು. ಕಚೇರಿಯವರೆಲ್ಲ ಇದೇ ಬೀದೀಲಿ ಇರೋದು," ಎಂದಳು. ಮೈದುನ ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದ.

ಕೋಣೆಯ ಕಿಟಕಿ ತೆರೆದರೆ ಎದುರಿಗೇ ಒಂದು ಭಾರಿ ಕಲ್ಲಿನ ಕಟ್ಟಡದ ಬೆನ್ನು. ನೀರಿನ ಕೊಳವೆಗಳು, ಪಾರಿವಾಳದ ಹಿಕ್ಕೆ, ತುಕ್ಕು ಹಿಡಿದ ಸರಳುಗಳು. ಒಳಗಿನಿಂದ ಟಕ್ ಟಕ್ ಎಂದು ಬಡಿಯುವ ಸದ್ದು, ನಡುನಡುವೆ ಗರ್ರನೆ ಕೊಯ್ಯುವ ಸದ್ದು.

"ನೋಡೇ, ನಿನ್ನ ಕಚೇರಿ," ಎಂದ ಮೈದುನ, ಆ ಕಟ್ಟಡವನ್ನು ತಾನೇ ಕಟ್ಟಿಸಿದವನ ಹಾಗೆ. "ಕಚೇರಿ ಅಂದ್ರೆ ಹಿಂಗಿರ್ಬೇಕು. ಗಂಟೆ ಆರಾಯ್ತು, ಇನ್ನೂ ಕೆಲಸ ಮಾಡ್ತಿದಾರೆ."

"ಏನಪ್ಪ ಅದು ಗರ್ ಅನ್ನೋದು?" ಎಂದೆ.

"ಹಳೇ ಕಡತ ಅತ್ತಿಗೆ. ಗಟ್ಟಿ ಆಗಿಬಿಟ್ಟಿರತ್ತೆ. ಕೊಯ್ದೇ ತೆಗೀಬೇಕು."

ಓರಗಿತ್ತಿ ಮಂಚದ ಮೇಲೆ ದಾಖಲೆಗಳನ್ನು ಹರವಿದಳು. ಅವುಗಳಿಗೆಂದೇ ಹಳೆಯ ಪರದೆಯ ಬಟ್ಟೆಯಲ್ಲಿ ಒಂದು ಚೀಲ ಹೊಲಿದಿದ್ದಳು. ಹನ್ನೊಂದು ವರ್ಷಕ್ಕೆ ಹನ್ನೊಂದು ಕಿಸೆ, ಒಂದೊಂದರಲ್ಲಿ ಆ ವರ್ಷದ ನೇಮಕದ ಕಾಗದ. "ಒಂದ್ಸಲ ಮುಂದೆ ಹೋಗಿ ಬಾಗಿಲು ನೋಡ್ಕೊಂಡು ಬರೋಣ್ವಾ?" ಎಂದಳು.

"ಬೆನ್ನು ಕಂಡ ಮೇಲೆ ಹೊಟ್ಟೆ ಇದ್ದೇ ಇರತ್ತೆ. ದಿಂಬಿನಿಂದ ಬಾಗಿಲಿಗೆ ಇನ್ನೂರು ಹೆಜ್ಜೆ, ಹೆಚ್ಚಂದ್ರೆ ಇನ್ನೂರ ಇಪ್ಪತ್ತು. ಒಂಬತ್ತೂವರೆಗೆ ಹೊರಟ್ರೂ ಹತ್ತಕ್ಕೆ ಮುಂಚೆ ಬೇಜಾರಾಗೋಷ್ಟು ಕಾಯ್ಬೇಕು. ಮಲಗು."

ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತೈದು ನಿಮಿಷಕ್ಕೆ, ಓರಗಿತ್ತಿಯ ಒತ್ತಾಯಕ್ಕೆ ಐದು ನಿಮಿಷ ಮೊದಲೇ, ನಾವು ಹೊರಟೆವು. ಕಟ್ಟಡವನ್ನು ಸುತ್ತಿ ಮುಂದಕ್ಕೆ ಬಂದೆವು. ದೊಡ್ಡ ಬಾಗಿಲು, ಕಲ್ಲಿನ ಮೆಟ್ಟಿಲು, ಎಲ್ಲ ಕಚೇರಿಯ ಗತ್ತೇ. ಮೇಲಿನ ಫಲಕದಲ್ಲಿ ಮಾತ್ರ "ಮಂಚ, ಮೇಜು, ಕುರ್ಚಿ" ಎಂದಿತ್ತು. ನಾನು ಬೆರಳಿಟ್ಟು ಓದುವಷ್ಟು ಕೆಳಗಿರಲಿಲ್ಲ, ಆದರೂ ಎರಡು ಸಲ ಓದಿದೆ.

"ಕಚೇರಿಗೆ ಬೇಕಾದ ಸಾಮಾನು ಇಡೋ ವಿಭಾಗ," ಎಂದು ಮೈದುನ ಒಳಗೆ ನಡೆದೇಬಿಟ್ಟ. ಒಳಗೆ ಸಾಲು ಸಾಲು ಮಂಚಗಳು, ಮರದ ಪುಡಿಯ ವಾಸನೆ. ಅಂಗಡಿಯವನು ಕೈ ಉಜ್ಜಿಕೊಳ್ಳುತ್ತ ಬಂದ.

"ಬನ್ನಿ ಸಾರ್, ಬನ್ನಿ ಅಮ್ಮ. ಏನು ನೋಡ್ತಿದೀರಿ?"

"ಇವಳದು ಖಾಯಂ ಆಗ್ಬೇಕಿತ್ತು," ಎಂದ ಮೈದುನ.

"ನಮ್ಮಲ್ಲಿ ಎಲ್ಲಾ ಖಾಯಮ್ಮೇ ಸಾರ್. ಒಂದ್ಸಲ ತಗೊಂಡು ಹೋದ್ರೆ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ."

"ಹನ್ನೊಂದು ವರ್ಷದಿಂದ ತಾತ್ಕಾಲಿಕದಲ್ಲೇ ನಡೀತಾ ಇದೆ."

"ತಾತ್ಕಾಲಿಕದ್ದೇ ಹನ್ನೊಂದು ವರ್ಷ ಬಂತಾ? ಯಾವ ಮರ ಸಾರ್?"

"ಮರ ಅಲ್ಲಯ್ಯ, ಹೊಲಿಗೆ. ಅಧಿಕಾರಿಗಳು ಎಲ್ಲಿ ಕೂರ್ತಾರೆ?"

"ಎಲ್ಲಿ ಬೇಕಾದ್ರೂ ಕೂರಬಹುದು ಸಾರ್, ನಮ್ಮಲ್ಲಿ ಹಂಗೇನಿಲ್ಲ. ಕೂತು ನೋಡಿ, ಮಲಗಿ ನೋಡಿ."

ಓರಗಿತ್ತಿ ಗಂಡನನ್ನು ಪಕ್ಕಕ್ಕೆ ಸರಿಸಿದಳು. ಹದಿನೆಂಟು ವರ್ಷದ ಸಂಸಾರದಲ್ಲಿ ಅವನನ್ನು ಹಾಗೆ ಸರಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು. "ಅಣ್ಣಾ, ಮುಖ್ಯ ಕಚೇರಿ ಎಲ್ಲಿ?"

"ಕಚೇರಿನಾ? ಅದು ಹಿಂದೆ ಇತ್ತಮ್ಮ."

"ಹಿಂದೆ!" ಎಂದು ಮೈದುನ ಕೂಗಿ ಹೊರಗೆ ಓಡಿದ. "ಬಾಗಿಲು ಹಿಂದಿನ ಕಡೆ ಮಾಡಿದಾರೆ! ನೀವಿಲ್ಲೇ ಇರಿ, ನೋಡ್ಕೊಂಡು ಬರ್ತೀನಿ!"

ಆಮೇಲೆ ನಡೆದದ್ದನ್ನು ವಸತಿಗೃಹದ ಒಡತಿ ನನಗೆ ಸಂಜೆ ಹೇಳಿದಳು. ಅವನು ಹಿಂದಿನ ಬೀದಿಗೆ ಓಡಿ, ದಾರಿ ಕೇಳಬಾರದೆಂಬ ತನ್ನ ಕಾನೂನನ್ನು ತಾನೇ ಮುರಿದು, ಕಚೇರಿಯ ಬಾಗಿಲು ಎಲ್ಲಿ ಎಂದು ಅವಳನ್ನು ಕೇಳಿದನಂತೆ. ಅವಳು, "ಹಿಂದೆ ಮುಂದಿನ ಕಡೆ ಇತ್ತು," ಎಂದಳಂತೆ. "ಹಿಂದೆಯಾ, ಮುಂದೆಯಾ? ಒಂದು ಹೇಳಿ!" ಎಂದನಂತೆ. "ಒಂದೇ ಅಲ್ವಾ ನಾನು ಹೇಳಿದ್ದು?" ಎಂದಳಂತೆ. ಅವನು ಕಟ್ಟಡವನ್ನು ಇನ್ನೊಂದು ಕಡೆಯಿಂದ ಸುತ್ತಿಕೊಂಡು ಹೊರಟನಂತೆ.

ಅಷ್ಟರಲ್ಲಿ ಅಂಗಡಿಯವನು ನಮಗೆ ವಿಷಯ ತಿಳಿಯಹೇಳಿದ್ದ. ಕಚೇರಿ ಇಲ್ಲಿಂದ ಎದ್ದು ಒಂಬತ್ತು ವರ್ಷವಾಗಿದೆ. ಈಗ ನದಿಯಾಚೆ, ಊರಿನ ಇನ್ನೊಂದು ತುದಿಯಲ್ಲಿದೆ, ದಾರಿ ಒಂದು ಗಂಟೆಗೂ ಮೇಲೆ. ಗೋಡೆಯ ಗಡಿಯಾರದಲ್ಲಿ ಒಂಬತ್ತು ಮೂವತ್ತೈದು. ಓರಗಿತ್ತಿ ಹತ್ತಿರದ ಮಂಚದ ಮೇಲೆ ಕೂತುಬಿಟ್ಟಳು. ಅಳಲಿಲ್ಲ. ಪರದೆಬಟ್ಟೆಯ ಚೀಲವನ್ನು ಮಡಿಲಲ್ಲಿಟ್ಟು ಕಿಸೆಗಳನ್ನು ಒಂದೊಂದಾಗಿ ಮುಟ್ಟಿ ನೋಡತೊಡಗಿದಳು, ಒಂದು, ಎರಡು, ಮೂರು. ಕೈಗೆ ಬಂದ ತುತ್ತು ಬಾಯಿಗೆ ಬಾರದಿದ್ದರೆ ಬೇರೆ ಮಾತು. ಇಲ್ಲಿ ನಾವು ಬಾಯನ್ನೇ ಬೇರೆ ಬಡಾವಣೆಗೆ ತಂದಿಟ್ಟಿದ್ದೆವು.

"ಅಯ್ಯೋ, ಯಾಕಮ್ಮ ಹಂಗೆ ಕೂತ್ರಿ?" ಎಂದ ಅಂಗಡಿಯವನು. "ಕಚೇರಿ ಬಸ್ಸು ಈಗ ಬರತ್ತಲ್ಲ."

"ಯಾವ ಬಸ್ಸು?"

"ಕಚೇರಿ ಹೋಯ್ತು, ಕಚೇರಿಯವರ ಮನೆಗಳು ಹೋಗಲಿಲ್ವಲ್ಲ. ಎಲ್ಲಾ ಹಿಂದಿನ ಬೀದೀಲೇ. ದಿನಾ ಒಂಬತ್ತು ನಲವತ್ತಕ್ಕೆ ಇಲ್ಲಿಂದ ಬಸ್ಸು, ಹನ್ನೊಂದಕ್ಕೆ ಕಾಲು ಗಂಟೆ ಇದ್ದಾಗ ಅಲ್ಲಿ."

"ಹತ್ತು ಗಂಟೆಗೆ ಅಂತ ಬರೆದಿದಾರೆ," ಎಂದಳು ಓರಗಿತ್ತಿ.

"ಬಸ್ಸು ಹೋಗಿ ಮುಟ್ಟಿದಾಗ್ಲೇ ಅವರಿಗೆ ಹತ್ತು ಗಂಟೆ ಕಣಮ್ಮ. ಬಾಗಿಲ ಕೀಲಿಯೂ ಬಸ್ಸಲ್ಲೇ ಹೋಗೋದು."

ಹೊರಗೆ ಬಂದರೆ ಬಿಳಿ ಅಂಗಿಯವರೆಲ್ಲ ಆಗಲೇ ಬಸ್ಸು ಹತ್ತುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಜವಾನ ಕೈ ಅಡ್ಡ ಹಿಡಿದ. "ನೌಕರರಿಗೆ ಮಾತ್ರ."

"ನಾನೂ ಈ ಇಲಾಖೆ ನೌಕರಳೇ. ಹನ್ನೊಂದು ವರ್ಷ ಆಯ್ತು."

"ಖಾಯಮ್ಮಾ?"

"ತಾತ್ಕಾಲಿಕ."

ಇದು ಬಸ್ಸಿನೊಳಗೆ ದೊಡ್ಡ ಪ್ರಶ್ನೆಯಾಯಿತು. ತಾತ್ಕಾಲಿಕದವರು ನೌಕರರೋ ಅಲ್ಲವೋ? ನಾಲ್ಕನೆಯ ಸಾಲಿನವನು ಅಲ್ಲ ಎಂದ. ಆರನೆಯ ಸಾಲಿನವನು ಆರು ವರ್ಷದ ಹಿಂದೆ ಬಂದ ಒಂದು ಸುತ್ತೋಲೆಯ ಪ್ರಕಾರ ಹೌದು ಎಂದ. ಆ ಸುತ್ತೋಲೆ ರದ್ದಾಗಿದೆ ಎಂದ ಇನ್ನೊಬ್ಬ. ರದ್ದು ಮಾಡಿದ್ದೂ ರದ್ದಾಗಿದೆ ಎಂದ ಮಗದೊಬ್ಬ. ಮುಂದಿನ ಕಿಟಕಿಯ ಪಕ್ಕ ಒಬ್ಬರು ದಪ್ಪನೆಯ ಮೇಲ್ವಿಚಾರಕಿ ಕೂತಿದ್ದರು. ಅವರು ತಲೆಯೆತ್ತದೆ ತೀರ್ಪು ಕೊಟ್ಟರು: "ತಾತ್ಕಾಲಿಕದವರು ನಿಂತು ಬರಬಹುದು."

"ಈ ಅಜ್ಜಿ?" ಎಂದ ಜವಾನ.

"ನಾನು ಅವಳ ಜೊತೆ ಲಗತ್ತು," ಎಂದೆ. ಮೈದುನನ ಜೊತೆ ಇಷ್ಟು ವರ್ಷ ಬದುಕಿದ್ದು ಅಷ್ಟಕ್ಕಾದರೂ ಉಪಯೋಗಕ್ಕೆ ಬಂತು.

ಬಸ್ಸು ಹೊರಟಿತು. ಹೊರಟು ಹತ್ತು ಮಾರು ಹೋಗುವುದರೊಳಗೆ ಕಟ್ಟಡದ ಎಡಮೂಲೆಯಿಂದ ನನ್ನ ಮೈದುನ ಓಡಿ ಬಂದ, ಬಸ್ಸನ್ನು ನೋಡಲೇ ಇಲ್ಲ, ಬಲಮೂಲೆಯಲ್ಲಿ ತಿರುಗಿ ಮತ್ತೆ ಮರೆಯಾದ. ಓರಗಿತ್ತಿ ಕಂಬ ಹಿಡಿದು ಒಂದು ಗಳಿಗೆ ಹಿಂದಕ್ಕೆ ನೋಡಿದಳು.

"ಇರಲಿ ಬಿಡಿ ಅಕ್ಕಾ," ಎಂದಳು. "ಹೋಗೋಣ."

ಒಂದು ಗಂಟೆಯ ದಾರಿ, ಬೇಸರದ ದಾರಿ. ದಿನಾ ಅದೇ ಮುಖ, ಅದೇ ಮಾತು. ಹೊಸಬರು ಸಿಕ್ಕಿದ್ದು ಆ ಬಸ್ಸಿಗೆ ಒಂಬತ್ತು ವರ್ಷದಲ್ಲಿ ಮೊದಲ ಸಲವಿರಬೇಕು. ಮೇಲ್ವಿಚಾರಕಿ ಕತ್ತು ತಿರುಗಿಸಿ, "ಏನು ತಂದಿದೀರಿ, ತೋರಿಸಿ," ಎಂದರು. ತೋರಿಸಿದ್ದೇ ತಡ, ಇಡೀ ಇಲಾಖೆ ಎಚ್ಚೆತ್ತಿತು. ಹುಟ್ಟಿದ ತಾರೀಖು ನೋಡುವವನು ಮೂರನೆಯ ಸಾಲಿನಲ್ಲಿದ್ದ. ಸೇವಾವಧಿ ನೋಡುವವಳು ಐದನೆಯ ಸಾಲಿನಲ್ಲಿ. ತಕರಾರು ತೆಗೆಯುವವನು ಎಲ್ಲರಿಗಿಂತ ಕೊನೆಯಲ್ಲಿ, ಅಗಲದ ಸೀಟಿನ ನಡುವೆ. ಊರಿನಲ್ಲಾದರೆ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಲು ತಿಂಗಳು ಹಿಡಿಯುವ ಕಾಗದ ಇಲ್ಲಿ ಬಸ್ಸು ಬ್ರೇಕು ಹಾಕಿದಾಗ ಮುಂದಕ್ಕೂ ಬಿಟ್ಟಾಗ ಹಿಂದಕ್ಕೂ ತಾನೇ ಜಾರಿಕೊಂಡು ಹೋಗುತ್ತಿತ್ತು. ಎರಡನೆಯ ಸೇತುವೆ ದಾಟುವಷ್ಟರಲ್ಲಿ ಹನ್ನೊಂದು ಕಿಸೆಗಳೂ ಖಾಲಿಯಾಗಿ ಮತ್ತೆ ತುಂಬಿದವು. ತಕರಾರಿನವನು ಏಳನೆಯ ವರ್ಷದ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಏನೂ ಸಿಗದೆ ನಿಟ್ಟುಸಿರಿಟ್ಟು ಹಿಂದಿರುಗಿಸಿದ.

ಮೇಲ್ವಿಚಾರಕಿ ತಮ್ಮ ಕೋಟಿನ ಗುಂಡಿಯೊಂದನ್ನು ಮುಂದೆ ಹಿಡಿದರು. ಒಂದೆಳೆ ದಾರದಲ್ಲಿ ನೇತಾಡುತ್ತಿತ್ತು. "ವಾರಕ್ಕೊಂದು ಸಲ ಹಾಕಿಸ್ತೀನಿ, ಕಿತ್ತು ಬರತ್ತೆ. ಯಾಕೆ ಹೇಳಿ ನೋಡೋಣ."

ಓರಗಿತ್ತಿ ಬಗ್ಗಿ ನೋಡಿದಳು. "ಬಟ್ಟೆಗೆ ಒತ್ತಿ ಹೊಲಿದಿದಾರೆ ಮೇಡಂ. ದಪ್ಪ ಬಟ್ಟೆಗೆ ಗುಂಡಿ ಸ್ವಲ್ಪ ಎತ್ತರ ನಿಲ್ಬೇಕು. ಕೆಳಗೆ ದಾರ ಸುತ್ತಿ ಕುತ್ತಿಗೆ ಮಾಡ್ಬೇಕು. ಇಲ್ದಿದ್ರೆ ಹಾಕಿ ತೆಗೆದಾಗೆಲ್ಲ ಜಗ್ಗತ್ತೆ."

ಹೇಳಿ ಸುಮ್ಮನಾಗಲಿಲ್ಲ. ಸೆರಗಿನ ಅಂಚಿನಿಂದ ಸೂಜಿ ತೆಗೆದು, ಮೊಣಕೈಯಲ್ಲಿ ಕಂಬವನ್ನು ಬಳಸಿ ಹಿಡಿದು, ನಿಂತಲ್ಲೇ ಹೊಲಿದಳು. ಬಸ್ಸು ರಸ್ತೆಯ ಗುಂಡಿಗೆ ಇಳಿದು ಹತ್ತಿತು. ಸೂಜಿ ಒಂದು ಸಲವೂ ತಪ್ಪಲಿಲ್ಲ. ಹಲ್ಲಿನಲ್ಲಿ ದಾರ ಕಡಿದಳು. ಮೇಲ್ವಿಚಾರಕಿ ಗುಂಡಿಯನ್ನು ಹಿಡಿದೆಳೆದರು. ಗುಂಡಿ ಬರಲಿಲ್ಲ, ಅವರೇ ಸ್ವಲ್ಪ ಮುಂದೆ ಬಂದರು.

"ಸರಿ. ನಿಮ್ಮನ್ನ ಗುರುತಿಸೋರು ಯಾರು?"

"ನಮ್ಮ ಯಜಮಾನರು."

"ಎಲ್ಲಿದಾರೆ?"

"ಹಿಂದೆ ಇದಾರೆ."

ಎಲ್ಲರೂ ಹಿಂದಿನ ಸೀಟುಗಳ ಕಡೆ ತಿರುಗಿದರು. ತಕರಾರಿನವನು ತನ್ನ ಎಡಕ್ಕೂ ಬಲಕ್ಕೂ ನೋಡಿ, "ಇಲ್ಲಿ ಯಾರೂ ಇಲ್ಲ," ಎಂದು ಮೊದಲ ತಕರಾರು ತೆಗೆದ.

"ಬಸ್ಸಲ್ಲಲ್ಲ," ಎಂದಳು ಓರಗಿತ್ತಿ. "ಆ ಬೀದೀಲಿ."

"ಗುರುತಿಸೋರು ಇಲ್ದಿದ್ರೆ ಆಗಲ್ವಲ್ಲಮ್ಮ."

"ನಾನಿದ್ದೀನಿ," ಎಂದೆ. "ಓರಗಿತ್ತಿ. ಇವಳು ಮನೆ ತುಂಬಿದ ದಿನದಿಂದ ಬಲ್ಲೆ. ಇವಳೇ ಇವಳು."

"ಹೆಬ್ಬೆಟ್ಟಾ?" ಎಂದು ಜವಾನ ಶಾಯಿಯ ಡಬ್ಬಿ ತೆಗೆದ.

"ರುಜು," ಎಂದೆ. "ಆದರೆ ಬಸ್ಸು ಒಂದ್ಕಡೆ ನಿಲ್ಲಬೇಕು."

ಮುಂದಿನ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ನಾನು ಮಂಡಿಯ ಮೇಲೆ ಕಾಗದವಿಟ್ಟು ಒಂದೊಂದೇ ಅಕ್ಷರ ಬರೆದೆ. ಹಸಿರು ಬಂತು. ಹಿಂದಿನ ಗಾಡಿಗಳೆಲ್ಲ ಕಿರುಚಿದವು. ಡ್ರೈವರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ಕೊನೆಯ ಒತ್ತಕ್ಷರ ಮುಗಿದು ನಾನು ತಲೆ ಆಡಿಸಿದ ಮೇಲೆಯೇ ಬಸ್ಸು ಬಿಟ್ಟ.

ನದಿಯಾಚೆಯ ಕಚೇರಿಯ ಮುಂದೆ ಹದಿನೇಳು ಜನ ಹೆಂಗಸರು ಬೆಳಿಗ್ಗೆ ಒಂಬತ್ತರಿಂದ ಮುಚ್ಚಿದ ಬಾಗಿಲಿಗೆ ಮುಖ ಮಾಡಿ ನಿಂತಿದ್ದರು. ಪಕ್ಕದ ಬೀದಿಯಲ್ಲೇ ಇಳಿದುಕೊಂಡಿದ್ದ ಜಾಣೆಯರು. ಅವರ ಸರದಿ ಒಂದೊಂದಾಗಿ ಬಂದು ಮುಗಿಯುವಾಗ ಸಂಜೆಯಾಗುತ್ತದೆ ಎಂದು ಯಾರೋ ಅಂದರು. ನಮ್ಮ ಕಾಗದದಲ್ಲಿ ನೋಡಬೇಕಾದ್ದು ಏನೂ ಉಳಿದಿರಲಿಲ್ಲ. ಹನ್ನೊಂದೂವರೆಗೆಲ್ಲ ಆದೇಶ ಟೈಪಾಗಿ ಕೈಗೆ ಬಂತು. ಓರಗಿತ್ತಿ ಅದನ್ನು ಓದಿ, ಮಡಿಸಿ, ಮತ್ತೆ ಬಿಚ್ಚಿ ನನ್ನ ಕೈಗೆ ಕೊಟ್ಟಳು. "ಅಕ್ಕಾ, ಬೆರಳಿಟ್ಟು ಓದಿ. ಒಂದೂ ಪದ ಬಿಡಬೇಡಿ." ಓದಿದೆ. ಎಲ್ಲ ಪದಗಳೂ ವರ್ತಮಾನದಲ್ಲೇ ಇದ್ದವು.

ಸಂಜೆಯ ಬಸ್ಸಿನಲ್ಲಿ ಹಿಂದಿರುಗಿದಾಗ ಬೀದಿಯಲ್ಲೆಲ್ಲೂ ಮೈದುನನ ಸುಳಿವಿಲ್ಲ. ಮೆಟ್ಟಿಲ ಮೇಲೆ ನಿಂತಿದ್ದ ಮಂಚದ ಅಂಗಡಿಯವನು ತುಟಿಯ ಮೇಲೆ ಬೆರಳಿಟ್ಟು ನಮ್ಮನ್ನು ಒಳಗೆ ಕರೆದ. ಬಾಗಿಲಿಗೆ ಹತ್ತಿರದ ದೊಡ್ಡ ಮಂಚದ ಮೇಲೆ ಮೈದುನ ಬಾಯಿ ತೆರೆದು ಮಲಗಿದ್ದ. ಕಾಲಿನ ಹೆಬ್ಬೆರಳಿಗೆ ಬೆಲೆಚೀಟಿ.

"ಎಂಟು ಸುತ್ತು ಓಡಿದ್ರಮ್ಮ," ಎಂದು ಅಂಗಡಿಯವನು ಪಿಸುಗುಟ್ಟಿದ. "ಒಂಬತ್ತನೇ ಸುತ್ತಿಗೆ ಇಲ್ಲಿ ಬಂದು ಬಿದ್ರು. ಇವರು ನಿದ್ದೆ ಮಾಡೋ ಚೆಂದ ನೋಡಿ ನಾಲ್ಕು ಮಂಚ ಹೋಯ್ತು. ಮಲಗಿದ್ದ ಮಂಚ ಹೋದಾಗೆಲ್ಲ ಮೆಲ್ಲಗೆ ಎತ್ತಿ ಪಕ್ಕದ್ದಕ್ಕೆ ಹಾಕ್ತಿದ್ವಿ. ಎಚ್ಚರಾನೇ ಆಗ್ಲಿಲ್ಲ. ಅಮ್ಮ, ಕೇಳ್ತೀನಿ ಅಂತ ಬೇಜಾರಾಗಬೇಡಿ, ಇವರನ್ನ ಇಲ್ಲೇ ಖಾಯಂ ಮಾಡ್ಕೊಳ್ಲಾ?"

"ಆಗಲ್ಲಣ್ಣ," ಎಂದಳು ಓರಗಿತ್ತಿ. "ಇವರು ತಾತ್ಕಾಲಿಕ. ನಮ್ಮನೇಲಿ ಖಾಯಂ ಆಗಿರೋದು ನಾನೊಬ್ಬಳೇ."

ಮೈದುನ ಕಣ್ಣು ಬಿಟ್ಟ. ಹೆಂಡತಿಯ ಕೈಯಲ್ಲಿದ್ದ ಆದೇಶ ನೋಡಿದ, ಅದರ ಕೆಳಗಿನ ಮೊಹರನ್ನು ನೋಡಿದ, ಎದ್ದು ಕೂತು ಅಂಗಿ ಸರಿ ಮಾಡಿಕೊಂಡ. ಬಿದ್ದವನ ಮೀಸೆಗೆ ಮಣ್ಣು ಅಂಟಲೇ ಇಲ್ಲ.

"ನೋಡಿದ್ಯಾ? ಬೇರೆಯವರ ಮಾತು ಕೇಳಿ ಮಾರ್ಕೆಟ್ಟಲ್ಲೋ ಸ್ಟೇಷನ್ನಲ್ಲೋ ಇಳ್ಕೊಂಡಿದ್ರೆ ಆಗ್ತಿತ್ತಾ? ಕಚೇರಿ ಹತ್ತಿರ ಇಳ್ಕೊಳ್ಳೋರು ದಡ್ಡರು. ಕಚೇರಿಯವರ ಹತ್ತಿರ ಇಳ್ಕೋಬೇಕು. ಎಲ್ಲಾ ಯೋಚನೆ ಮಾಡೇ ಈ ಬೀದಿ ಹಿಡಿದದ್ದು."

ಓರಗಿತ್ತಿ ಅವನ ಹೆಬ್ಬೆರಳಿನ ಚೀಟಿಯನ್ನು ಓದಿ, "ಜಾಸ್ತಿಯಾಯ್ತು," ಎಂದು ಬಿಚ್ಚಿ ಅಂಗಡಿಯವನ ಕೈಗೆ ಕೊಟ್ಟಳು.

ಅವನು ಕಾಲು ಕೆಳಗಿಟ್ಟು ಚಪ್ಪಲಿಗಾಗಿ ತಡಕಾಡಿದ. ಬಲಗಾಲಿನದು ಸಿಕ್ಕಿತು. ಎಡಗಾಲಿನದು ಮಂಚದ ಕೆಳಗೂ ಇಲ್ಲ, ಪಕ್ಕದ ಮಂಚದ ಕೆಳಗೂ ಇಲ್ಲ. ಅಂಗಡಿಯವನು ಹಣೆ ಬಡಿದುಕೊಂಡ. "ಅಯ್ಯೋ ಸಾರ್, ಎರಡನೇ ಮಂಚದ ಜೊತೆ ಲಾರಿಗೆ ಹೋಯ್ತು ಅನ್ಸತ್ತೆ. ಇರಿ, ಯಾವ ಬಡಾವಣೆ ಅಂತ ಬರ್ಕೊಂಡಿದೀನಿ." ಚೀಟಿಗಳನ್ನು ತಿರುವಿ ತಿರುವಿ ನೋಡಿದ. "ಸಿಕ್ತು. ನದಿಯಾಚೆ. ಹೊಸ ಮುಖ್ಯ ಕಚೇರಿ ಎದುರಿನ ಮನೆ."

ಹೀಗಾಗಿ ನನ್ನ ಮೈದುನ ಆ ಕಚೇರಿಯನ್ನು ಕಣ್ಣಾರೆ ಕಾಣಲಿಲ್ಲ. ಅವನ ಎಡಗಾಲಿನ ಚಪ್ಪಲಿ ಕಂಡಿತು.